ನಲ್ಲೂರಿಗೆ ಎರಡು ಟಿಕೆಟ್

ಕುಣಿಗಲ್ಲಿನ ಬಸ್ ನಿಲ್ದಾಣದಲ್ಲಿ ಶನಿವಾರ ಬೆಳಿಗ್ಗೆ ಬೆಂಗಳೂರಿನ ಬಸ್ಸು ಹತ್ತಿದಾಗ ನನ್ನ ಕೈಯಲ್ಲಿ ಎರಡು ಚೀಲಗಳಿದ್ದವು. ಒಂದರಲ್ಲಿ ನನ್ನ ಬಟ್ಟೆ. ಇನ್ನೊಂದರಲ್ಲಿ ನನ್ನ ಹೆಂಡತಿ ತನ್ನ ತಮ್ಮನಿಗೆಂದು ಕಟ್ಟಿಕೊಟ್ಟ ನಿಪ್ಪಟ್ಟು, ಚಕ್ಕುಲಿ, ಹುರಿದ ಕಡಲೆಕಾಯಿ, ನಿಂಬೆಕಾಯಿ ಉಪ್ಪಿನಕಾಯಿ. ಯಾವುದು ಭಾರವಾಗಿತ್ತು ಎಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಊರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಇಷ್ಟು ವರ್ಷ ನೆಲದ ಮೇಲೆ ನಿಂತೇ ಎಷ್ಟೋ ಧಾರೆ, ಎಷ್ಟೋ ನಾಮಕರಣ ತೆಗೆದಿದ್ದೇನೆ. ಈಗ ಮದುವೆ ಮನೆಯವರು ಬಂದು ಕೂತರೆ ಮೊದಲ ಪ್ರಶ್ನೆಯೇ “ಡ್ರೋನ್ ಐತಾ ಗುರು?” ಇಲ್ಲ ಎಂದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಒಂದನ್ನು ಕೊಂಡೇಬಿಡೋಣವೆಂದು ಬಾಮೈದ ಮಹೇಶನಿಗೆ ಫೋನ್ ಮಾಡಿದೆ. ಅವನು ದೊಡ್ಡಬಳ್ಳಾಪುರದಲ್ಲಿದ್ದುಕೊಂಡು ಡ್ರೋನ್ ಹಾರಿಸುವುದನ್ನೇ ಕಸುಬು ಮಾಡಿಕೊಂಡವನು, ಲೈಸೆನ್ಸ್ ಪಡೆದವನು. ಆದರೆ ಮದುವೆಗಳಿಗೆ ಹೋಗುವುದಿಲ್ಲ. ಫ್ಯಾಕ್ಟರಿಯ ಚಾವಣಿ ಎಲ್ಲಿ ಸೋರುತ್ತಿದೆ, ಕ್ವಾರಿಯಲ್ಲಿ ಜಲ್ಲಿಯ ರಾಶಿ ಎಷ್ಟಿದೆ, ವಿದ್ಯುತ್ ತಂತಿಯ ಯಾವ ಜೋಡಣೆ ಕಾದು ಬಿಸಿಯಾಗುತ್ತಿದೆ, ಇಂಥವನ್ನು ಮೇಲಿನಿಂದ ನೋಡಿ ಹೇಳುವುದು ಅವನ ಕೆಲಸ.

“ಅಂಗಡೀಲಿ ನೋಡಿ ತಗೋಬೇಡಿ ಭಾವ. ಮೂರು ದಿನ ನನ್ ಜೊತೆ ಓಡಾಡಿ. ಆಮೇಲೆ ತಗೊಳೋದೋ ಬಿಡೋದೋ ನೀವೇ ಹೇಳಿ” ಎಂದ. ಕೊಂಡೆನೋ ಇಲ್ಲವೋ ಎಂದು ಊರಿನಲ್ಲಿ ಕಂಡವರೆಲ್ಲ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನೆಲಮಂಗಲಕ್ಕೆ ಸುಮಾರು ಒಂದು ಗಂಟೆಯ ದಾರಿ. ಸಂಕ್ರಾಂತಿಗೆ ಇನ್ನೂ ವಾರವಿತ್ತು. ಬಸ್ಸಿನ ಕಿಟಕಿ ಮುಚ್ಚಿದ್ದರೂ ಕಿವಿ ಮರಗಟ್ಟುವ ಚಳಿ. ಹೆದ್ದಾರಿಯಲ್ಲಿ ಇಳಿದಾಗ ಮಹೇಶ ತನ್ನ ಬಿಳಿ ವ್ಯಾನಿಗೆ ಒರಗಿ ಕಾಯುತ್ತಿದ್ದ. ಅಕ್ಕ ಕೊಟ್ಟ ಚೀಲವನ್ನು ಮೊದಲು ಇಸಿದುಕೊಂಡು ಆಮೇಲೆ ನನ್ನನ್ನು ಮಾತಾಡಿಸಿದ. ಇಬ್ಬರೂ ತಟ್ಟೆ ಇಡ್ಲಿ ತಿಂದೆವು. ಕೆಂಪು ಚಟ್ನಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಅವತ್ತಿನ ಕೆಲಸ ಹೆದ್ದಾರಿ ಬದಿಯ ಒಂದು ಗೋದಾಮಿನಲ್ಲಿ. ನಮ್ಮೂರ ಸಂತೆ ಮೈದಾನದಂಥವು ಎರಡು ಹಿಡಿಸುವಷ್ಟು ಜಾಗ, ಚಾವಣಿ ಮುಟ್ಟುವ ಕಬ್ಬಿಣದ ಕಪಾಟುಗಳು, ಅವುಗಳ ತುಂಬ ರಟ್ಟಿನ ಪೆಟ್ಟಿಗೆಗಳು. ಹಿಂದೆಲ್ಲ ಈ ಪೆಟ್ಟಿಗೆಗಳನ್ನು ಎಣಿಸಲು ಆಳುಗಳು ಏಣಿ ಹಾಕಿಕೊಂಡು ದಿನಗಟ್ಟಲೆ ಒದ್ದಾಡುತ್ತಿದ್ದರಂತೆ. ಈಗ ಎಲ್ಲರನ್ನೂ ಮನೆಗೆ ಕಳಿಸಿ, ದೀಪ ಆರಿಸಿ, ಡ್ರೋನ್ ಬಿಡುತ್ತಾರೆ. ಅದು ತನ್ನದೇ ಸಣ್ಣ ದೀಪ ಹಚ್ಚಿಕೊಂಡು ಸಾಲು ಸಾಲಾಗಿ ಹೋಗಿ ಪೆಟ್ಟಿಗೆಯ ಮೇಲಿನ ಚೀಟಿ ಓದುತ್ತದೆ. ಸದ್ದು ಹೆಜ್ಜೇನು ಎದ್ದ ಹಾಗೆ. ಒಂದು ಸಾಲಿನಲ್ಲಿ ದೂರ ದೂರ ಹೋಗಿ ಸುಮ್ಮನಾದಂತಾಗಿ, ಇನ್ನೊಂದು ಸಾಲಿನಿಂದ ನಮ್ಮ ಬೆನ್ನ ಹಿಂದೆಯೇ ಬಂದುಬಿಡುತ್ತಿತ್ತು. ಅಷ್ಟು ದೊಡ್ಡ ಕತ್ತಲಲ್ಲಿ ಮನುಷ್ಯರಿಲ್ಲದೆ ಕೆಲಸ ನಡೆಯುವುದನ್ನು ನೋಡಿ ನನಗೆ ಅಷ್ಟೇನೂ ಸಂತೋಷವಾಗಲಿಲ್ಲ.

ಎಣಿಕೆ ಮುಗಿದ ಮೇಲೆ ಮಹೇಶ ಇನ್ನೊಂದು ಡ್ರೋನ್ ತೆಗೆದ. ವೈರಿಂಗ್ ಎಲ್ಲಾದರೂ ಕಾಯುತ್ತಿದೆಯೇ ಎಂದು ನೋಡಲು ಬಿಸಿ ಕಾಣುವ ಕ್ಯಾಮೆರಾ ಅದರಲ್ಲಿತ್ತು. ಅದರ ಪರದೆಯಲ್ಲಿ ತಣ್ಣಗಿರುವುದೆಲ್ಲ ಕಪ್ಪು, ಬೆಚ್ಚಗಿರುವುದು ಬಿಳಿ. ಗೋದಾಮಿನ ತುದಿಯ ಗೋಡೆಯ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಕಂಡಿತು. ಕುರ್ಚಿಯ ಮೇಲೆ ಯಾರೂ ಇರಲಿಲ್ಲ. ಆದರೆ ಕೂರುವ ಜಾಗ ಬೆಳ್ಳಗಿತ್ತು.

“ಯಾರೋ ಈಗಷ್ಟೇ ಎದ್ದು ಹೋಗಿದಾರೆ” ಎಂದ ಮಹೇಶ.

ಬಾಗಿಲಲ್ಲಿದ್ದ ಕಾವಲುಗಾರ, “ಒಳಗೆ ಯಾರೂ ಇಲ್ಲ ಸಾರ್. ಬೀಗ ಹಾಕಿದ್ದೇ ನಾನು” ಎಂದ.

ನಾವು ನೋಡುತ್ತಿದ್ದಂತೆಯೇ ಆ ಬಿಳುಪು ಬೂದುಬಣ್ಣವಾಗಿ, ಕಪ್ಪಾಗಿ, ಕುರ್ಚಿಯೊಳಗೆ ಇಂಗಿಹೋಯಿತು. “ಬೆಕ್ಕು ಮಲಗಿತ್ತೇನೋ ಬಿಡಿ” ಎಂದು ಮಹೇಶ ಡ್ರೋನನ್ನು ವಾಪಸ್ಸು ತಿರುಗಿಸಿದ. “ನಮ್ ಕಣ್ಣಿಗೆ ಜನ ಇದ್ದಾಗ ಮಾತ್ರ ಕಾಣ್ತಾರೆ ಭಾವ. ಇದಕ್ಕೆ ಎದ್ದು ಹೋದ್ಮೇಲೂ ಸ್ವಲ್ಪ ಹೊತ್ತು ಕಾಣ್ತಾರೆ.” ಅಷ್ಟು ದೊಡ್ಡ ಬೆಕ್ಕು ಯಾವುದು ಎಂದು ನಾನು ಕೇಳಲಿಲ್ಲ. ಅವತ್ತು ರಾತ್ರಿ ದೊಡ್ಡಬಳ್ಳಾಪುರದ ಅವನ ರೂಮಿನಲ್ಲಿ ಮಲಗಿದೆ, ದೀಪ ಹಾಕಿಕೊಂಡೇ.

ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶಕ್ಕೆ ಹೋದೆವು. ರಜೆಯ ದಿನ, ಅಗಲವಾದ ರಸ್ತೆಗಳಲ್ಲಿ ನಾಯಿಗಳು ಬಿಟ್ಟರೆ ಯಾರೂ ಇಲ್ಲ. ಒಂದು ಬಟ್ಟೆ ಫ್ಯಾಕ್ಟರಿಯ ಚಾವಣಿ ತುಂಬ ಸೋಲಾರ್ ಹಲಗೆಗಳಿದ್ದವು. ಯಾವುದು ಕೆಟ್ಟಿದೆ ಎಂದು ಕೆಳಗಿನಿಂದ ಬ್ರಹ್ಮನಿಗೂ ಗೊತ್ತಾಗದು. ಮೇಲಿನಿಂದ ನೋಡಿದರೆ ಕೆಟ್ಟ ಹಲಗೆ ಮಾತ್ರ ಜ್ವರ ಬಂದವರ ಹಾಗೆ ಕಾಯುತ್ತಿರುತ್ತದೆ. ಅಂಥವು ಮೂರು ನಾಲ್ಕು ಸಿಕ್ಕವು. ನಾನು ಖುಷಿಯಾಗಿ, ಇದಪ್ಪ ಕೆಲಸ ಅಂದರೆ ಎಂದುಕೊಂಡೆ. ಊಟಕ್ಕೆ ಪೇಟೆಯಲ್ಲಿ ಚಪಾತಿ, ಅವರೆಕಾಳು ಸಾಗು. ಅವರೆಯ ಸೊಗಡು ಕೈಯಲ್ಲಿ ಸಂಜೆಯವರೆಗೂ ಇತ್ತು.

ಊಟ ಮುಗಿಸಿ ಅದೇ ತಾಲ್ಲೂಕಿನ ಮಧುರೆಯ ಕಡೆಗೆ ಹೊರಟೆವು. ಅಲ್ಲಿ ಎರಡು ಎಕರೆ ಚಿಲ್ಲರೆ ಹೊಲವನ್ನು ಗೋದಾಮು ಕಟ್ಟುವ ಕಂಪನಿಯೊಂದು ಕೊಂಡಿತ್ತು. ಸೋಮವಾರ ಬೆಳಿಗ್ಗೆ ಜೆಸಿಬಿ ಬಂದು ಮಟ್ಟ ಮಾಡುವ ಮೊದಲು, ಎಲ್ಲಿ ಎಷ್ಟು ಮಣ್ಣು ತೆಗೆಯಬೇಕು, ಎಲ್ಲಿ ತುಂಬಬೇಕು ಎಂದು ಮಹೇಶ ಮೇಲಿನಿಂದ ಅಳೆದು ಕೊಡಬೇಕಿತ್ತು. ಹೊಲದಲ್ಲಿ ರಾಗಿ ಕೊಯ್ದ ಕೂಳೆ. ಬದುವಿನಲ್ಲಿ ಒಂದು ಹೊಂಗೆ ಮರ, ಅದರ ಬುಡದಲ್ಲಿ ತುಕ್ಕು ಹಿಡಿದ ಬೋರ್‌ವೆಲ್ ಪೈಪುಗಳು. ಆಸುಪಾಸಿನಲ್ಲಿ ಆಗಲೇ ಎರಡು ಗೋದಾಮು ಎದ್ದಿದ್ದವು.

ಡ್ರೋನ್ ಏರಲು ಇಳಿಯಲು ಮಟ್ಟವಾದ ಜಾಗ ಬೇಕು. ಮಹೇಶ ಸುತ್ತ ನೋಡಿ, ಕಾಲುದಾರಿಯ ಪಕ್ಕ ಮಣೆ ಇಟ್ಟ ಹಾಗಿದ್ದ ಗಟ್ಟಿ ನೆಲದ ಮೇಲೆ ಗುಂಡನೆಯ ಕೇಸರಿ ಚಾಪೆ ಹಾಸಿದ. ಡ್ರೋನನ್ನು ಅದರ ಮೇಲಿಟ್ಟು ಚಾಲೂ ಮಾಡಿದ್ದೇ ತಡ, ಕೈಯಲ್ಲಿನ ರಿಮೋಟು ಕೀಚಲು ದನಿಯಲ್ಲಿ ಕೂಗಿಕೊಂಡಿತು.

“ಏನಂತೋ?” ಎಂದೆ.

“ದಿಕ್ಕು ತಿಳೀತಿಲ್ಲ ಅಂತಿದೆ. ಹತ್ರದಲ್ಲಿ ಕಬ್ಬಿಣ ಇದ್ರೆ ಹಿಂಗಾಡುತ್ತೆ. ಆ ಹಾಳು ಪೈಪಿರ್ಬೇಕು.” ಹತ್ತಾರು ಹೆಜ್ಜೆ ಆಚೆಗೆ ಚಾಪೆ ಎತ್ತಿಕೊಂಡು ಹೋದ. ಹೋದದ್ದು ಪೈಪುಗಳ ಕಡೆಗೇ, ಆದರೆ ಅಲ್ಲಿ ರಿಮೋಟು ಕೂಗಲಿಲ್ಲ, ಡ್ರೋನ್ ಸಲೀಸಾಗಿ ಮೇಲೇರಿತು. ನಾವಿಬ್ಬರೂ ಅದನ್ನು ಗಮನಿಸಲಿಲ್ಲ. ನಾನು ಆ ಗಟ್ಟಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಡಲೆಕಾಯಿ ಸುಲಿದು ಸಿಪ್ಪೆಯನ್ನು ಸುತ್ತಲೂ ಎಸೆಯುತ್ತ ಆಕಾಶ ನೋಡಿದೆ.

ಬದುವಿನ ಮೇಲೆ ಸೆರಗನ್ನು ತಲೆಗೆ ಹೊದ್ದ, ಅರವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ಊರಿನ ಬೇರೆಯವರೆಲ್ಲ ಕತ್ತೆತ್ತಿ ಡ್ರೋನ್ ನೋಡುತ್ತಿದ್ದರೆ, ಅವರೊಬ್ಬರೇ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಡ್ರೋನ್ ಇಳಿದ ಮೇಲೆ ಹತ್ತಿರ ಬಂದರು.

“ಏನಪ್ಪಾ, ಭೂಮಿ ಒಳಗಿರೋದು ಕಾಣೋ ಮಿಷನ್ನು ನಿಮ್ದೇನಾ?”

“ಒಳಗಿರೋದು ಕಾಣಲ್ಲಮ್ಮ. ಬಿಸಿ ಕಾಣುತ್ತೆ, ಅಷ್ಟೆ” ಎಂದ ಮಹೇಶ.

“ಸತ್ತೋರ ಬಿಸಿ?”

ಮಹೇಶ ರಿಮೋಟಿನ ಗುಂಡಿ ಒತ್ತುವಂತೆ ನಟಿಸಿದ. ನಾನು ಕಡಲೆಕಾಯಿ ಚೀಲ ಚಾಚಿದೆ. ಅವರು ಬೇಡವೆಂದರು.

ಅವರ ಹೆಸರು ಪಿಳ್ಳಮ್ಮ. ಈ ಹೊಲ ಅವರ ತವರಿನದು; ಅವರನ್ನು ಕೊಟ್ಟಿದ್ದು ದೇವನಹಳ್ಳಿಯ ಆಚೆ ನಲ್ಲೂರಿಗೆ. ತಮ್ಮ ಮುನಿರಾಜು ಹೊಲ ಮಾರಿದಾಗ ಇವರೂ ಒಪ್ಪಿ ಸಹಿ ಹಾಕಿದ್ದರು, ಅದರಲ್ಲಿ ತಕರಾರಿಲ್ಲ. ಇದ್ದದ್ದು ಅಮ್ಮನ ಚಿಂತೆ. ಪಿಳ್ಳಮ್ಮನಿಗೆ ಏಳು ವರ್ಷ, ಮುನಿರಾಜು ತೊಟ್ಟಿಲಲ್ಲಿದ್ದಾಗ, ಅವರಮ್ಮ ಇದೇ ಹೊಲದ ಬಾವಿಗೆ ಕಾಲು ಜಾರಿ ಬಿದ್ದು ಸತ್ತರು. ಈ ಕಡೆಯ ರೂಢಿಯಂತೆ ಸ್ವಂತ ಹೊಲದಲ್ಲೇ ಹೂತರು. ಆದರೆ ಅಕಾಲದ ಸಾವು, ಎಳೆ ಮಕ್ಕಳ ಮೇಲೆ ಆಸೆ ಇಟ್ಟುಕೊಂಡು ಹೋದವಳು, ಎದ್ದು ಮನೆಗೆ ಬಂದೇ ಬರುತ್ತಾಳೆ ಎಂದು ಹಿರಿಯರಿಗೆ ದಿಗಿಲು. ಗುಂಡಿಗೆ ಕಲ್ಲು ಚಪ್ಪಡಿ ಮುಚ್ಚಿ, ಎದೆಯ ನೇರಕ್ಕೆ ಅದರ ಮೇಲೆ ನೇಗಿಲ ತುದಿಯ ಕಬ್ಬಿಣವನ್ನು, ಅಂದರೆ ಗುಳವನ್ನು ಇಟ್ಟು ಮಣ್ಣೆಳೆದರು. ಕಬ್ಬಿಣ ಮೇಲಿದ್ದರೆ ಸತ್ತವರು ಏಳುವುದಿಲ್ಲವಂತೆ.

“ನಾನು ಬಾಗ್ಲು ಅಗಳಿ ತೆಗ್ದಿಟ್ಟು ಮಲಗ್ತಿದ್ದೆ ಕಣಪ್ಪಾ” ಎಂದರು ಪಿಳ್ಳಮ್ಮ. “ಎಲ್ರೂ ಬರ್ತಾಳೆ ಬರ್ತಾಳೆ ಅಂತಿದ್ರಲ್ಲ. ಅವ್ರಿಗೆ ಭಯ, ನಂಗೆ ಆಸೆ. ಬರ್ಲೇ ಇಲ್ಲ. ಎದೆ ಮ್ಯಾಲೆ ಗುಳ ಇಟ್ಕೊಂಡು ಹೆಂಗ್ ಬಂದಾಳು? ನಾಳೆ ಮಣ್ಣು ತೆಗೆಯೋರು ಬರ್ತಾರೆ. ಆಮೇಲೆ ಕಾಂಕ್ರೀಟು. ಅಷ್ಟರಲ್ಲಿ ಆ ಕಬ್ಬಿಣ ತೆಗ್ದು ನಮ್ಮಮ್ಮನ್ನ ನನ್ ಜೊತೆ ಕರ್ಕೊಂಡು ಹೋಗ್ಬೇಕು. ಜಾಗ ಎಲ್ಲಿ ಅಂತ ಮಾತ್ರ ತಿಳೀತಾ ಇಲ್ಲ.”

ಅಷ್ಟರಲ್ಲಿ ಮುನಿರಾಜು ಬಂದರು. ಒಳ್ಳೆಯ ಮನುಷ್ಯ, ಮಾತು ಜೋರು. “ಜಾಗ ತಿಳೀದೇ ಏನಕ್ಕಾ? ವರ್ಷಾ ವರ್ಷ ಎಡೆ ಇಡ್ತಿಲ್ವಾ ನಾವು? ಬನ್ನಿ ಸಾರ್ ತೋರಿಸ್ತೀನಿ” ಎಂದು ಹೊಲದ ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಮೊಣಕಾಲೆತ್ತರದ ಒಂದು ಓರೆ ಕಲ್ಲು. ಅರಿಶಿನ ಕುಂಕುಮ ಪದರ ಪದರವಾಗಿ ಮೆತ್ತಿಕೊಂಡಿತ್ತು. ಪಿತೃಪಕ್ಷದಲ್ಲಿ ಇಟ್ಟ ಬಾಳೆ ಎಲೆ ಒಣಗಿ ಇನ್ನೂ ಅಲ್ಲೇ ಬಿದ್ದಿತ್ತು.

ಪಿಳ್ಳಮ್ಮ ಕಲ್ಲನ್ನು ನೋಡಿದರು. ಅದರ ನುಣ್ಣಗಿನ ಮೈಯನ್ನು ಕೈಯಿಂದ ಸವರಿದರು. “ಲೋ ಮುನಿರಾಜಾ, ಇದು ಬಟ್ಟೆ ಒಗೆಯೋ ಕಲ್ಲು ಕಣೋ.”

ಸಮಾಧಿಯ ತಲೆಗಲ್ಲು ಯಾವಾಗಲೋ ಟ್ರ್ಯಾಕ್ಟರಿನವರು ಹೊಲ ಮಟ್ಟ ಮಾಡಿದಾಗ ಕಿತ್ತುಹೋಗಿತ್ತು. ಬಾವಿ ಮುಚ್ಚಿದರು. ನೀರಿನ ತೊಟ್ಟಿ ಒಡೆದರು. ತೊಟ್ಟಿಯ ಪಕ್ಕದ ಒಗೆಯುವ ಕಲ್ಲು ಮಾತ್ರ ಹೊಲದಲ್ಲಿ ಒಂಟಿಯಾಗಿ ಉಳಿಯಿತು. ಅಮ್ಮನ ಮುಖವನ್ನೇ ಕಾಣದ ಮುನಿರಾಜು ಅದನ್ನೇ ಅಮ್ಮನ ಕಲ್ಲೆಂದು ನಂಬಿ ಕೈಮುಗಿದುಕೊಂಡು ಬಂದಿದ್ದರು. ಪಿತೃಪಕ್ಷದಲ್ಲಿ ಪಿಳ್ಳಮ್ಮ ಗಂಡನ ಮನೆಯ ಎಡೆಗೆ ನಿಲ್ಲಬೇಕಾದ್ದರಿಂದ ಇಲ್ಲಿ ಏನು ನಡೆಯುತ್ತಿದೆ ಎಂದು ಅವರು ಕಂಡದ್ದೇ ಇಲ್ಲ.

“ಯಾರೂ ಹೇಳ್ಲಿಲ್ವಲ್ಲಕ್ಕಾ” ಎಂದ ಮುನಿರಾಜುವಿನ ಮುಖ ನೋಡಲಾಗಲಿಲ್ಲ. ಬೇರೆ ಸಮಯವಾಗಿದ್ದರೆ ನಾನು ನಕ್ಕುಬಿಡುತ್ತಿದ್ದೆ.

“ಹೋಗ್ಲಿ ಬಿಡು. ನಿನ್ ತೊಟ್ಟಿಲ ಬಟ್ಟೆ ಇದರ ಮ್ಯಾಲೇ ಒಗೀತಿದ್ಲು” ಎಂದರು ಅಕ್ಕ. ಅವರಿಗೆ ನೆನಪಿದ್ದದ್ದು ಇಷ್ಟೇ: ಬಾವಿಯಿಂದ ಮೂಡಲಿಗೆ ಹೂತದ್ದು, ದಕ್ಷಿಣಕ್ಕೆ ತಲೆ. ಆದರೆ ಬಾವಿ ಎಲ್ಲಿತ್ತು ಎಂಬುದರಲ್ಲೇ ಊರಿನಲ್ಲಿ ಒಬ್ಬರದು ಒಂದೊಂದು ಮಾತು.

ಮಹೇಶ ಬಹಳ ಹೊತ್ತು ಹೊಲ ನೋಡಿದ. “ಬೆಳಗಿನ ಜಾವ ಮಣ್ಣು ತಣ್ಣಗಾಗಿರುತ್ತೆ, ಕಲ್ಲು ಹಗಲಿನ ಬಿಸಿ ಹಿಡ್ಕೊಂಡಿರುತ್ತೆ. ಚಪ್ಪಡಿ ಮೇಲ್ಮೇಲೇ ಇದ್ರೆ ಕಾಣ್ಬಹುದು. ಗ್ಯಾರಂಟಿ ಇಲ್ಲಮ್ಮ” ಎಂದ.

ಅವತ್ತು ಮುನಿರಾಜು ಮನೆಯಲ್ಲೇ ಉಳಿದೆವು. ರಾಗಿಮುದ್ದೆ, ಹಿತಕಿದ ಬೇಳೆ ಸಾರು. ಎರಡನೆಯ ಮುದ್ದೆ ಬೇಡವೆಂದರೂ ಬಿಡಲಿಲ್ಲ. ಮಲಗುವಾಗ ಮುನಿರಾಜು ಹೆಂಡತಿ ಬಾಗಿಲಿಗೆ ಅಗಳಿ ಹಾಕಿದ್ದನ್ನು ನಾನು ನೋಡಿದ್ದೆ. ಬೆಳಗಿನ ಜಾವ ಎದ್ದಾಗ ಅಗಳಿ ತೆಗೆದಿತ್ತು. ಬಾಗಿಲು ಒಂದು ಗೇಣು ತೆರೆದಿತ್ತು. ಪಿಳ್ಳಮ್ಮ ಆಗಲೇ ತಲೆ ಬಾಚಿಕೊಂಡು ಹೊಸ ಸೀರೆ ಉಟ್ಟು ಜಗುಲಿಯ ಮೇಲೆ ಕೂತಿದ್ದರು.

ಹೊಲದಲ್ಲಿ ಮೈ ನಡುಗುವ ಚಳಿ. ಮಂಜು ಬಿದ್ದಿರಲಿಲ್ಲ, ಅದೊಂದು ಪುಣ್ಯ. ನಾನೂ ಒಂದು ಕೈ ಕೆಲಸ ಮಾಡೋಣವೆಂದು ಟಾರ್ಚಿನ ಬೆಳಕಿನಲ್ಲಿ ಮಟ್ಟವಾದ ಜಾಗ ಹುಡುಕಿ ಚಾಪೆ ಹಾಸಿದೆ. ಮಹೇಶ ಡ್ರೋನ್ ತಂದಿಟ್ಟ. ರಿಮೋಟು ಮತ್ತೆ ಕೀಚಲು ದನಿಯಲ್ಲಿ ಕೂಗಿತು. ಅವನು ಸುತ್ತಲಿನ ಕಡಲೆಕಾಯಿ ಸಿಪ್ಪೆ ನೋಡಿ ಹಣೆ ಚಚ್ಚಿಕೊಂಡ.

“ನಿನ್ನೆ ಆಗಲ್ಲ ಅಂತ ಬಿಟ್ಟಿದ್ದ ಜಾಗಾನೇ ಅಲ್ವಾ ಭಾವ! ಇರುಳು ಕಂಡ ಬಾವಿಗೆ ಹಗಲು ಬಿದ್ರಂತೆ...” ಎಂದವನು ಬಾವಿಯ ಮಾತು ಯಾರೆದುರು ಆಡುತ್ತಿದ್ದೇನೆಂದು ಹೊಳೆದು ನಾಲಗೆ ಕಚ್ಚಿಕೊಂಡ. ಪಿಳ್ಳಮ್ಮ ಕೇಳಿಸದವರಂತೆ ನಿಂತಿದ್ದರು. ಚಾಪೆಯನ್ನು ಅಲ್ಲೇ ಬಿಟ್ಟು, ಮಹೇಶ ಡ್ರೋನನ್ನು ದೂರ ಒಯ್ದು ಅಂಗೈಯಿಂದಲೇ ಮೇಲಕ್ಕೆ ಬಿಟ್ಟ.

ಪರದೆಯ ಮೇಲೆ ಹೊಲವೆಲ್ಲ ಕಪ್ಪು. ಮುನಿರಾಜುವೂ ಸೇರಿ ನಾವು ನಾಲ್ವರು ನಾಲ್ಕು ಬಿಳಿ ಚುಕ್ಕೆ. ಮುನಿರಾಜು ತೋರಿಸಿದ ಮೂಲೆಯಲ್ಲಿ ಒಗೆಯುವ ಕಲ್ಲೊಂದು ಬಿಟ್ಟರೆ ಏನಿಲ್ಲ. ಹೊಂಗೆ ಮರದ ಬುಡದಲ್ಲೂ ಏನಿಲ್ಲ. ಆಮೇಲೆ ಹೊಲದ ನಡುವಿನಲ್ಲಿ ಮಸುಕಾದ ಒಂದು ದೊಡ್ಡ ಸುತ್ತು ಕಾಣಿಸಿತು, ನೆಲದಲ್ಲಿ ತೆರೆದ ಬಾಯಿಯ ಹಾಗೆ. ಬರಿಗಣ್ಣಿಗೆ ಅಲ್ಲಿ ಬರೀ ರಾಗಿ ಕೂಳೆ.

“ಬಾವಿ” ಎಂದರು ಪಿಳ್ಳಮ್ಮ. ಅವರ ದನಿ ಏಳು ವರ್ಷದ ಹುಡುಗಿಯದಾಗಿತ್ತು.

ಮಹೇಶ ಡ್ರೋನನ್ನು ಬಾವಿಯಿಂದ ಮೂಡಲಿಗೆ ನಿಧಾನವಾಗಿ ತಂದ. ಪರದೆಯಲ್ಲಿ ನಾನು ಹಾಸಿದ್ದ ಚಾಪೆ ಕರಿ ಬೊಟ್ಟಿನಂತೆ ಕಂಡಿತು. ಅದರ ಸುತ್ತ, ಆಳುದ್ದದ ಒಂದು ತೆಳು ಬಿಳಿ ಪಟ್ಟಿ. ಹೊಲದ ಬದುಗಳೆಲ್ಲ ಸೊಟ್ಟ. ಅದೊಂದೇ ಗೆರೆ ಎಳೆದ ಹಾಗೆ ಉತ್ತರ ದಕ್ಷಿಣವಾಗಿ ನೇರವಿತ್ತು. ಚಾಪೆ ಅದರ ಎದೆಯ ಮೇಲಿತ್ತು.

ಮಹೇಶ ನನ್ನ ಮುಖ ನೋಡಿದ. “ಪೈಪಲ್ಲ ಭಾವ” ಎಂದ. “ಅದು ಕೂಗ್ತಿದ್ದಿದ್ದು ಗುಳಕ್ಕೆ.” ಎರಡು ಸಲ ಅದು ಬಾಯಿಬಿಟ್ಟು ಹೇಳಿತ್ತು, ನಾವು ಎರಡು ಸಲವೂ ಬಯ್ದಿದ್ದೆವು. ನಾನಂತೂ ಮೇಲೆ ಕೂತು ಕಡಲೆಕಾಯಿ ತಿಂದಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪಿಳ್ಳಮ್ಮ ಹೋಗಿ ಚಾಪೆಯನ್ನು ಪಕ್ಕಕ್ಕೆ ಸರಿಸಿದರು. ಸಿಪ್ಪೆಗಳನ್ನು ಸೆರಗಿನಿಂದ ಗುಡಿಸಿದರು. ಆಮೇಲೆ ಆ ತಣ್ಣನೆಯ ನೆಲದ ಮೇಲೆ ಕೆನ್ನೆ ಊರಿ, ಕೈ ಚಾಚಿ ಮಲಗಿಬಿಟ್ಟರು. ಮುನಿರಾಜು ಮನೆಗೆ ಹೋಗಿ ಗುದ್ದಲಿ, ಹಾರೆ ತರುವವರೆಗೂ ಹಾಗೆಯೇ ಇದ್ದರು. ಅವರು ಬಂದ ಮೇಲೆ ಪಿಳ್ಳಮ್ಮ ಎದ್ದು ನಮ್ಮ ಪಕ್ಕಕ್ಕೆ ಬಂದು ನಿಂತರು.

ಡ್ರೋನ್ ಇನ್ನೂ ಮೇಲೆಯೇ ಇತ್ತು. ಮುನಿರಾಜು ಪರದೆಯಲ್ಲಿ ಇಣುಕಿ, ಗುದ್ದಲಿಯನ್ನು ಕೈಬಿಟ್ಟರು.

“ಅಲ್ಲಿ ಮಲಗಿರೋದು ಯಾರು?”

ಚಪ್ಪಡಿಯ ಪಟ್ಟಿಯ ಮೇಲೆ ಒಬ್ಬ ಹೆಂಗಸು ಮಲಗಿದ್ದಳು. ಕೆನ್ನೆ, ತೋಳು, ಸೊಂಟ, ಮಡಿಸಿದ ಕಾಲು, ಎಲ್ಲ ಬೆಳ್ಳಗೆ ಕಾಣುತ್ತಿತ್ತು. ಹೊಲದಲ್ಲಿ ಆ ಜಾಗದಲ್ಲಿ ಯಾರೂ ಇರಲಿಲ್ಲ.

“ನಿಮ್ಮಕ್ಕನ ಬಿಸಿ ಸಾರ್” ಎಂದ ಮಹೇಶ. “ಇಷ್ಟೊತ್ತು ಮಲಗಿದ್ರಲ್ಲ, ಮಣ್ಣಲ್ಲಿ ಉಳಿದಿದೆ. ಹೋಗ್ಬಿಡುತ್ತೆ ಈಗ.”

ಮುನಿರಾಜು ಅದು ಹೋಗುವವರೆಗೂ ಕಣ್ಣು ಮಿಟುಕಿಸದೆ ನೋಡಿದರು. ಮೊದಲು ಕಾಲು ಕರಗಿತು, ಆಮೇಲೆ ತೋಳು. ಕೆನ್ನೆ ಕೊನೆಗೆ ಹೋಯಿತು. “ನಮ್ಮಮ್ಮ ಇಷ್ಟುದ್ದ ಇದ್ಲೇನಕ್ಕಾ?” ಎಂದು ಮೆಲ್ಲಗೆ ಕೇಳಿದರು.

“ನನ್ನಷ್ಟೇ ಇದ್ಲು ಕಣೋ.”

ಒಂದು ಮೊಳ ಅಗೆಯುವುದರೊಳಗೆ ಗುದ್ದಲಿ ಠಣ್ ಎಂದಿತು. ಕಪ್ಪು ಚಪ್ಪಡಿಯ ಮೇಲೆ, ತುಕ್ಕು ಹಿಡಿದು ಪದರು ಪದರಾಗಿದ್ದ ಗುಳ. ಪಿಳ್ಳಮ್ಮ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಎರಡೂ ಕೈಯಿಂದ ಎತ್ತಿದರು. ಚಪ್ಪಡಿಯ ಮೇಲೆ ಅದರ ಆಕಾರದ ಕೆಂಪು ಕಲೆ ಉಳಿಯಿತು. ಗುಳವನ್ನು ದೂರ ಇಟ್ಟು ಬಂದು, ಅಲ್ಲಿಯ ಒಂದು ಹಿಡಿ ಮಣ್ಣನ್ನು ಹೊಸ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ಜೋರಾಗಿ, ಪಕ್ಕದ ಮನೆಯವರನ್ನು ಕರೆಯುವ ಹಾಗೆ ಕರೆದರು.

“ಬಾಮ್ಮಾ. ಅಗಳಿ ತೆಗ್ದಿದೀನಿ. ಹೋಗಣ ಬಾ.”

ಆಮೇಲೆ ನಮಗೆ ಹೇಳಿದರು. “ಯಾರೂ ಹಿಂದ್ಕೆ ತಿರುಗಿ ನೋಡ್ಬೇಡಿ.”

ಜೆಸಿಬಿ ಆಗಲೇ ರಸ್ತೆಯಲ್ಲಿ ಬಂದು ನಿಂತಿತ್ತು. ಚಾಲಕ ಅಗೆದ ಗುಂಡಿ ನೋಡಿ ಚಪ್ಪಲಿ ಬಿಟ್ಟು, “ಪೂಜೆ ಮಾಡಿಸ್ದೆ ನಾನ್ ಮುಟ್ಟಲ್ಲಪ್ಪ” ಎಂದ. “ಕಲ್ಲು ತಾನೇ, ಮುಟ್ಟು. ಅದರಲ್ಲಿ ಈಗ ಯಾರೂ ಇಲ್ಲ” ಎಂದರು ಪಿಳ್ಳಮ್ಮ, ತಿರುಗದೆಯೇ. ಹೊರಡುವ ಮೊದಲು ಮಹೇಶ ಡ್ರೋನನ್ನು ಗುಂಡಿಯ ಪಕ್ಕದಲ್ಲೇ ಇಟ್ಟು ಒಮ್ಮೆ ಚಾಲೂ ಮಾಡಿ ನೋಡಿದನಂತೆ. ಅದು ಸುಮ್ಮನಿತ್ತಂತೆ.

ಗುಳದ ಕತೆ ಇನ್ನೊಂದು. ಕಾಫಿ ಕುಡಿಯಲು ಮನೆಗೆ ಹೋದಾಗ ಅದು ಮುನಿರಾಜು ಮನೆಯ ಹೊಸ್ತಿಲ ಹೊರಗೆ ಅಡ್ಡಲಾಗಿ ಬಿದ್ದಿತ್ತು. ಇಟ್ಟವರು ಯಾರೆಂದು ಮುನಿರಾಜುವಿನ ಮುಖವೇ ಹೇಳುತ್ತಿತ್ತು. ಪಿಳ್ಳಮ್ಮ ನಕ್ಕರು, ನಾನು ನೋಡಿದಂತೆ ಮೊದಲ ಸಲ. “ಹೆದರ್ಕೋಬೇಡ ಕಣೋ. ನಿನ್ ಮನೆಗೆ ಬರಲ್ಲ, ನನ್ ಜೊತೆ ಬರ್ತಾಳೆ.” ಮುನಿರಾಜುವಿನ ಮುಖದಲ್ಲಿ ಸಮಾಧಾನವಾಗಲಿಲ್ಲ, ದುಃಖವಾಯಿತು. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ಹೋಗಿ ಗುಳವನ್ನು ಹಿತ್ತಲಿಗೆ ಎಸೆದು ಬಂದರು.

ಊಟ ಮಾಡಿಸದೆ ಅವರು ಬಿಡಲಿಲ್ಲ. ಮಧ್ಯಾಹ್ನದ ಮೇಲೆ ಹೊರಟೆವು. ವ್ಯಾನಿನ ಹಿಂದಿನ ಬಾಗಿಲು ತೆರೆದು ಪಿಳ್ಳಮ್ಮ ಒಂದು ಗಳಿಗೆ ಪಕ್ಕಕ್ಕೆ ನಿಂತರು, ಯಾರಿಗೋ ದಾರಿ ಬಿಡುವ ಹಾಗೆ. ಆಮೇಲೆ ತಾವು ಹತ್ತಿದರು. ಎಂದೂ ಎಂಬತ್ತಕ್ಕೆ ಕಡಿಮೆ ಓಡಿಸದ ಮಹೇಶ ಅವತ್ತು ನಲವತ್ತು ದಾಟಲಿಲ್ಲ. ದೇವನಹಳ್ಳಿ ಹತ್ತಿರವಾದಂತೆ ತಲೆಯ ಮೇಲೆ ವಿಮಾನಗಳು ಒಂದರ ಹಿಂದೊಂದು ಇಳಿಯುತ್ತಿದ್ದವು. ಇಲ್ಲೂ ಹಾರಿಸುತ್ತೀಯೇನೋ ಎಂದೆ. “ಇಲ್ಲ ಭಾವ. ವಿಮಾನ ನಿಲ್ದಾಣದ ಸುತ್ತ ನಿಷೇಧ. ನಾನು ಹಾರ್ಸಿದ್ರೂ ಅದು ಏಳಲ್ಲ” ಎಂದ. ಹಿಂದಿನ ಸೀಟನ್ನು ಕನ್ನಡಿಯಲ್ಲೂ ನಾವಿಬ್ಬರೂ ನೋಡಲಿಲ್ಲ.

ಅವನಿಗೆ ಸಂಜೆ ದೊಡ್ಡಬಳ್ಳಾಪುರದಲ್ಲಿ ಕೆಲಸವಿತ್ತು. ನನಗೆ ಹೊಸಕೋಟೆಯಲ್ಲಿ ಚಿಕ್ಕಮ್ಮನ ಮಗನನ್ನು ನೋಡಿಕೊಂಡು ಊರಿಗೆ ಹೋಗುವುದಿತ್ತು. ಹೊಸಕೋಟೆಯ ಬಸ್ಸು ನಲ್ಲೂರಿನ ಮೇಲೆಯೇ ಹೋಗುವುದರಿಂದ ಪಿಳ್ಳಮ್ಮನೂ ನಾನೂ ದೇವನಹಳ್ಳಿ ನಿಲ್ದಾಣದಲ್ಲಿ ಇಳಿದೆವು.

“ಏನ್ ಭಾವ, ತಗೋತೀರಾ ಡ್ರೋನು?” ಎಂದ ಮಹೇಶ.

“ಒಂದು ಕೊಡ್ಸು. ಬಿಸಿ ಕ್ಯಾಮೆರಾ ಇಲ್ದೇ ಇರೋದು” ಎಂದೆ. “ಮದುವೆಗೆ ಬಂದಿರೋರು ಕಂಡ್ರೆ ನಂಗೆ ಸಾಕು ಕಣಪ್ಪ.”

ಬಸ್ಸು ತುಂಬಿತ್ತು. ಎಡಗಡೆ ಹೆಂಗಸರ ಸಾಲಿನಲ್ಲಿ ಎರಡು ಸೀಟು ಮಾತ್ರ ಹೇಗೋ ಖಾಲಿಯಿತ್ತು. ಪಿಳ್ಳಮ್ಮ ಕಿಟಕಿಯ ಪಕ್ಕದ ಸೀಟು ಬಿಟ್ಟು ಈಚೆಯದರಲ್ಲಿ ಕೂತರು. ಮಣ್ಣಿನ ಗಂಟು ಅವರ ಮಡಿಲಲ್ಲಿತ್ತು. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ನನ್ನ ಟಿಕೆಟ್ ಕೊಟ್ಟಾದ ಮೇಲೆ ಕಂಡಕ್ಟರ್ ಅವರ ಕಡೆ ತಿರುಗಿದ.

“ನಲ್ಲೂರಿಗೆ ಎರಡು ಕೊಡಪ್ಪ” ಎಂದು ಪಿಳ್ಳಮ್ಮ ತಮ್ಮ ಆಧಾರ್ ಕಾರ್ಡ್ ತೋರಿಸಿದರು.

“ಇನ್ನೊಬ್ರದು ಎಲ್ಲಮ್ಮ? ಕಾರ್ಡ್ ಇದ್ರೇನೇ ಫ್ರೀ.”

“ಅವಳ ಕಾಲದಲ್ಲಿ ಅದೆಲ್ಲ ಇರ್ಲಿಲ್ಲ ಕಣಪ್ಪ. ಫ್ರೀ ಬೇಡ, ದುಡ್ಡು ತಗೊಂಡೇ ಕೊಡು.”

ಕಂಡಕ್ಟರ್ ಖಾಲಿ ಸೀಟು ನೋಡಿದ, ನನ್ನನ್ನು ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಅವನು ಒಂದು ಸೊನ್ನೆ ಟಿಕೆಟ್, ಒಂದು ದುಡ್ಡಿನ ಟಿಕೆಟ್ ಹರಿದುಕೊಟ್ಟ. ಮುಂದಿನ ನಿಲ್ದಾಣದಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ, “ಸ್ವಲ್ಪ ಸರ್ಕೊಳಕ್ಕಾ” ಎಂದಳು.

“ಜನ ಅವ್ರೆ ಕಣವ್ವ” ಎಂದರು ಪಿಳ್ಳಮ್ಮ.

ಆಕೆ ಜಗಳಕ್ಕೆ ಬಾಯಿ ತೆರೆದವಳು ಕಿಟಕಿಯ ಕಡೆಗೊಮ್ಮೆ ನೋಡಿ, ಬುಟ್ಟಿ ಎತ್ತಿಕೊಂಡು ಹಿಂದಕ್ಕೆ ಹೋಗಿ ನಿಂತಳು.

ನಲ್ಲೂರಿನ ಹುಣಿಸೆ ತೋಪು ಬಂತು. ಹತ್ತು ಜನ ತಬ್ಬಿದರೂ ಸಾಲದ, ಒಳಗೆಲ್ಲ ಪೊಟರೆಯಾದ ಬೊಡ್ಡೆಗಳು. ಹಗಲಿನಲ್ಲೂ ಅವುಗಳ ಕೆಳಗೆ ಸಂಜೆಯಾಗಿತ್ತು. ಪಿಳ್ಳಮ್ಮ ಎದ್ದು, ಮೊದಲು ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಸ್ವಲ್ಪ ಕಾದು, ಆಮೇಲೆ ನಡೆದರು. “ಬರ್ತೀವಿ ತಮ್ಮಾ” ಎಂದರು ನನಗೆ. ಬಸ್ಸು ಹೊರಟಾಗ ತಿರುಗಿ ನೋಡಬೇಕೆಂದು ಕುತ್ತಿಗೆ ತಾನಾಗಿ ಎಳೆಯಿತು. ಬೇಡವೆಂದಿದ್ದರಲ್ಲ, ನೋಡಲಿಲ್ಲ.

“ಸೀಟ್ ಖಾಲಿ ಆಯ್ತಲ್ಲ, ಕೂತ್ಕೊಳಿ ಸಾರ್” ಎಂದ ಕಂಡಕ್ಟರ್. ಬೆಳಗಿನ ಜಾವದಿಂದ ಓಡಾಡಿ ಕಾಲು ಸೋತಿದ್ದವು. ಬಿಸಿಲು ಬಲಗಡೆಯ ಕಿಟಕಿಗಳಿಂದ ಬೀಳುತ್ತಿತ್ತು. ಈ ಸಾಲೆಲ್ಲ ನೆರಳು. ಪಿಳ್ಳಮ್ಮ ಕೂತಿದ್ದ ಸೀಟಿನ ಆಚೆ, ಯಾರೂ ಕೂರದಿದ್ದ ಕಿಟಕಿ ಪಕ್ಕದ ಸೀಟಿನ ಮೇಲೆ ಅಂಗೈ ಇಟ್ಟು ನೋಡಿದೆ.

ಬೆಚ್ಚಗಿತ್ತು.

ಹೊಸಕೋಟೆಯವರೆಗೂ ನಿಂತುಕೊಂಡೇ ಹೋದೆ.